ಇಪ್ಪತ್ತು ವರ್ಷದ ಓಮ್ನಿ ಹೊರಡುತ್ತಿದೆ, ಈಕೋ ಬರುತ್ತಿದೆ: ತಿಳಿದವರು ಹೇಳಿ

ಸೋಂದಾ ದಾರಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿರುವುದು 2006ರ ಮಾರುತಿ ಓಮ್ನಿ ವ್ಯಾನ್, ಕೆಎ 31 ನೋಂದಣಿ, ಎಂಪಿಐ (ಇಂಜೆಕ್ಷನ್) ಇಂಜಿನ್. 2021ರಲ್ಲಿ ಒಮ್ಮೆ ಆರ್‌ಸಿ ನವೀಕರಣವಾಗಿದೆ. ಆ ಐದು ವರ್ಷವೂ ಈಗ ಮುಗಿಯುತ್ತ ಬಂತು. ಇಂಜಿನ್ನಿಗೆ ಏನೂ ಆಗಿಲ್ಲ, ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಆದರೆ ಮ್ಯಾಟ್ ಎತ್ತಿದರೆ ಎರಡು ಕಡೆ ಅಂಗಳದ ಮಣ್ಣು ಕಾಣುತ್ತದೆ. ಬದಲಿಗೆ ಪೆಟ್ರೋಲ್ ಈಕೋ, ಐದು ಸೀಟಿನದ್ದು ಎಂದು ಹೆಚ್ಚುಕಡಿಮೆ ತೀರ್ಮಾನವಾಗಿದೆ. ಅಡಿಕೆ ಮೂಟೆಯಿಂದ ಹಿಡಿದು ಬಾಣಂತಿಯನ್ನು ಕರೆತರುವವರೆಗೆ ಎಲ್ಲಕ್ಕೂ ನಿಂತ ಗಾಡಿ ಇದು. ಯಾರ್ಯಾರದೋ ಕೈಗೆ ಹೋಗಿ ಹಾಳಾಗುವುದು ಬೇಡ ಎಂಬುದೊಂದೇ ಮನೆಯವರ ಆಸೆ. ನವೀಕರಣ, ಮಾರಾಟ, ಗುಜರಿ, ಈ ಮೂರರಲ್ಲಿ ಯಾವುದು ಸರಿ? ಹೊಸದು ಬರುವ ಮೊದಲು ಏನೇನು ನೋಡಿಕೊಳ್ಳಬೇಕು?

ಗ್ಯಾರೇಜ್ ಕುಮಟಾ

ಇಂಜಿನ್ ನೋಡಿ ತೀರ್ಮಾನ ಮಾಡಬೇಡಿ. ಆ 796 ಸಿಸಿ ಮೂರು ಸಿಲಿಂಡರ್ ಇಂಜಿನ್ನಿನಲ್ಲಿ ರಿಂಗ್, ವಾಲ್ವ್ ಸೀಲ್, ಕ್ಲಚ್ ಪ್ಲೇಟ್ ಏನು ಹೋದರೂ ಬದಲಿಸಬಹುದು. ತಗಡು ಹಾಗಲ್ಲ. ಜೀಪಿಗಿರುವಂತೆ ಓಮ್ನಿಗೆ ಬೇರೆ ಚಾಸಿ ಇಲ್ಲ, ಬಾಡಿಯ ತಗಡೇ ಚಾಸಿ. ಅದು ಹೋದರೆ ಗಾಡಿಯೇ ಹೋದಂತೆ.

ನೋಡುವ ಕ್ರಮ ಹೇಳುತ್ತೇನೆ. ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ ಮ್ಯಾಟೆಲ್ಲ ಹೊರಗೆ ಹಾಕಿ. ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನು ತಟ್ಟುತ್ತ ಬನ್ನಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಪದರ ಬಿಟ್ಟದ್ದು ಡಬ್ ಎನ್ನುತ್ತದೆ. ಡಬ್ ಎಂದ ಕಡೆ ತುದಿಯಿಂದ ಒತ್ತಿ. ಬಣ್ಣ ಮಾತ್ರ ಎದ್ದು ಬಂದರೆ ಮೇಲಿನ ತುಕ್ಕು. ತುದಿ ಒಳಗೆ ಇಳಿದರೆ ತಗಡು ಮುಗಿದಿದೆ. ಸ್ಲೈಡಿಂಗ್ ಬಾಗಿಲಿನ ಕೆಳಗಿನ ಹಳಿ ಮತ್ತು ಡ್ರೈವರ್ ಕಾಲಡಿ, ಇವೆರಡು ಮೊದಲು ಹೋಗುವ ಜಾಗಗಳು. ಇಲ್ಲಿ ಕೊಳೆತದ್ದನ್ನು ಪೂರ್ತಿ ಕತ್ತರಿಸಿ, 18 ಅಥವಾ 20 ಗೇಜ್ ತಗಡು ಬೆಸೆದು, ಒಳಗೂ ಹೊರಗೂ ಪ್ರೈಮರ್ ಹೊಡೆದರೆ ಕೆಲವು ಮಳೆಗಾಲ ತಡೆಯುತ್ತದೆ. ರಿವೆಟ್ ಹೊಡೆದು ಪುಟ್ಟಿ ಮೆತ್ತಿದ್ದು ಒಂದು ಮಳೆಗಾಲವೂ ಬಾಳುವುದಿಲ್ಲ. ತೇಪೆಯ ಅಡಿ ನೀರು ನಿಂತು ಸುತ್ತಲಿನ ಒಳ್ಳೆಯ ತಗಡನ್ನೂ ತಿನ್ನುತ್ತದೆ.

ಇನ್ನು ಮೂರು ಜಾಗ ಇವೆ. ಮುಂದಿನ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಕಂಬ) ತಲೆ ಕೂರುವ ತಗಡು, ಹಿಂದಿನ ಲೀಫ್ ಸ್ಪ್ರಿಂಗ್ ಹಿಡಿದಿರುವ ಹ್ಯಾಂಗರ್, ಸೀಟ್ ಬೆಲ್ಟ್ ಬೋಲ್ಟ್ ಕೂತ ಜಾಗ. ಇವುಗಳಲ್ಲಿ ಒಂದರಲ್ಲಾದರೂ ಸ್ಕ್ರೂಡ್ರೈವರ್ ಇಳಿದರೆ ನವೀಕರಣದ ಮಾತು ಬಿಡಿ. ಘಟ್ಟದ ತಿರುವಿನಲ್ಲಿ ಹ್ಯಾಂಗರ್ ಕಿತ್ತರೆ ಹಿಂದಿನ ಆಕ್ಸಲ್ ಓರೆಯಾಗುತ್ತದೆ, ಸ್ಟೀರಿಂಗ್ ಹಿಡಿದು ಪ್ರಯೋಜನವಿಲ್ಲ.

ಕೋಡಿಬಾಗ (ಕಾರವಾರ)

ಕಾಗದದ ಕಡೆಯಿಂದ ನಾನು ಹೇಳುತ್ತೇನೆ. ಖಾಸಗಿ ಕಾರಿನ ನೋಂದಣಿ ಮೊದಲ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಅರ್ಜಿ ಫಾರ್ಮ್ 25. ಅವಧಿ ಮುಗಿಯುವ 60 ದಿನ ಮೊದಲಿನಿಂದ ಹಾಕಬಹುದು. 15 ವರ್ಷ ದಾಟಿದ ಕಾರಿಗೆ 2022ರ ಏಪ್ರಿಲ್‌ನಿಂದ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದರೆ 2025ರ ಆಗಸ್ಟ್‌ನಿಂದ 10,000 ರೂಪಾಯಿ. ಇದರ ಮೇಲೆ ಹಸಿರು ತೆರಿಗೆ ಬೇರೆ. ತಡವಾದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ಕೂಡುತ್ತ ಹೋಗುತ್ತದೆ. ಹಾಗಾಗಿ ಕೊಡುವುದೋ ಇಟ್ಟುಕೊಳ್ಳುವುದೋ, ಅವಧಿ ಮುಗಿಯುವುದರೊಳಗೆ ನಿರ್ಧರಿಸಿ.

ನವೀಕರಣದ ಪರೀಕ್ಷೆಗೆ ಒಯ್ಯುವುದಾದರೆ ಹ್ಯಾಂಡ್‌ಬ್ರೇಕು, ವೈಪರ್, ಹಾರ್ನ್, ಎಲ್ಲ ದೀಪ, ಸೀಟ್ ಬೆಲ್ಟ್, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್, ಎಮಿಷನ್ ಸರ್ಟಿಫಿಕೇಟ್, ಇನ್ಶೂರೆನ್ಸ್ ಸರಿ ಇರಬೇಕು. ನಮ್ಮ ಕಡೆಯ ಗಾಡಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಚಾಸಿ ನಂಬರಿನಲ್ಲಿ. ಕೊರೆದ ಅಂಕೆಗಳ ಮೇಲೆ ತುಕ್ಕು ಕೂತು ಓದಲಾಗುವುದಿಲ್ಲ. ಅದಕ್ಕೆ ಗ್ರೈಂಡರ್ ಮುಟ್ಟಿಸಲೇಬೇಡಿ, ಅಂಕೆ ಸವೆದರೆ ತಿದ್ದಿದ್ದೆಂಬ ಅನುಮಾನ ಬರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ರಾತ್ರಿಯಿಡೀ ಮೇಲೆ ಹಾಕಿಡಿ. ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ತಿಕ್ಕಿ. ಅಚ್ಚು ಅಂಕೆ ಅಂಕೆಯಾಗಿ ಮೂಡಬೇಕು. ಮಾರಿದರೂ ಗುಜರಿಗೆ ಕೊಟ್ಟರೂ ಈ ಅಚ್ಚು ಕೈಯಲ್ಲಿರುವುದು ಒಳ್ಳೆಯದು.

ಬನವಾಸಿ ಬಯಲು

ಇಂಜಿನ್ ಚೆನ್ನಾಗಿರುವಾಗ ಯಾಕೆ ಕೊಡುತ್ತೀರಿ ಮಾರಾಯ್ರೆ? ತೋಟಕ್ಕೂ ಕಣಕ್ಕೂ ಓಡಿಸಿಕೊಂಡಿರಿ. ಸೊಪ್ಪು, ಗೊಬ್ಬರ, ಹಸಿ ಅಡಿಕೆ ಹೊರಲು ಅದಕ್ಕಿಂತ ಹಗುರ ಗಾಡಿ ಸಿಗುವುದಿಲ್ಲ.

ಕೋಡಿಬಾಗ (ಕಾರವಾರ)

ತೋಟ ಒಂದೇ ಬೇಲಿಯೊಳಗಿದ್ದರೆ ಸರಿ. ನಮ್ಮಲ್ಲಿ ಮನೆಗೂ ತೋಟಕ್ಕೂ ನಡುವೆ ಪಂಚಾಯ್ತಿ ರಸ್ತೆ ಇರುವುದೇ ಹೆಚ್ಚು, ಅದು ಸಾರ್ವಜನಿಕ ರಸ್ತೆ. ನೋಂದಣಿ ಅವಧಿ ಮುಗಿದ ಗಾಡಿ ಅಲ್ಲಿ ಓಡಾಡಿದರೆ ಮೊದಲ ಸಲ 5,000 ರೂಪಾಯಿವರೆಗೆ ದಂಡ. ದಂಡ ಕಟ್ಟಿ ಮುಗಿಸಬಹುದು. ಯಾರಿಗಾದರೂ ತಾಗಿದರೆ ಪರಿಹಾರದ ಹೊಣೆ ಮನೆಯ ಮೇಲೆ ಬೀಳುತ್ತದೆ, ಹೆದರಬೇಕಾದದ್ದು ಅದಕ್ಕೆ.

ಗ್ಯಾರೇಜ್ ಕುಮಟಾ

ಇನ್ನೊಂದು ಮಾತು. ಈಗ ಬಂಕುಗಳಲ್ಲಿ ಬರುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ತೇವ ಎಳೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಓಡಿಸುವ ಗಾಡಿಯ ಅರ್ಧ ಖಾಲಿ ಟ್ಯಾಂಕಿನಲ್ಲಿ ಮಳೆಗಾಲದಲ್ಲಿ ನೀರು ಸೇರಿ ತಳಕ್ಕೆ ಇಳಿಯುತ್ತದೆ, ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹಳೆಯ ರಬ್ಬರ್ ಪೈಪುಗಳೂ ಬಿರಿಯುತ್ತವೆ. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ, ಪೈಪ್ ಸೋರಿದರೆ ಪೆಟ್ರೋಲ್ ಹಬೆ ತುಂಬುವುದು ಕೂತವರ ಕೆಳಗೇ. ತೋಟಕ್ಕೆಂದು ಇಟ್ಟುಕೊಳ್ಳುವವರು ಮೊದಲು ಪೈಪು, ಕ್ಲಿಪ್ಪು, ಫ್ಯೂಯಲ್ ಫಿಲ್ಟರ್ ಹೊಸದು ಹಾಕಿಸಿ.

ಸೋಂದಾ ದಾರಿ (ಶಿರಸಿ)

ತಟ್ಟಿ ನೋಡಿದೆವು. ಎಡಗಡೆಯ ಲೀಫ್ ಸ್ಪ್ರಿಂಗ್ ಹಿಂದಿನ ಹ್ಯಾಂಗರ್ ಹತ್ತಿರ ಸ್ಕ್ರೂಡ್ರೈವರ್ ಒಳಗೆ ಹೋಯಿತು. ನವೀಕರಣ ಇಲ್ಲ. ಪೇಟೆಯ ಗುಜರಿಯವರು ಇದ್ದಲ್ಲಿಗೇ ಬಂದು ನಗದು ಕೊಟ್ಟು ಒಯ್ಯುತ್ತೇವೆ ಎನ್ನುತ್ತಿದ್ದಾರೆ. ಕೊಡಬಹುದೇ?

ಕೋಡಿಬಾಗ (ಕಾರವಾರ)

ಕೊಡಬೇಡಿ. ಗಾಡಿ ಪುಡಿಯಾದರೂ ಆರ್‌ಸಿ ನಿಮ್ಮ ಹೆಸರಿನಲ್ಲೇ ಬದುಕಿರುತ್ತದೆ. ಆ ನಂಬರ್ ಪ್ಲೇಟು, ಚಾಸಿ ತುಂಡು ಎಲ್ಲಿಗೆ ಹೋಯಿತೆಂದು ಗೊತ್ತಾಗುವುದಿಲ್ಲ. ಮಾರಿದರೂ ಇದೇ ಕಥೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತ ಪರಿಹಾರದ ಹೊಣೆಯೂ ಅವರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಕೈಬರಹದ ಕರಾರು, ನೂರು ರೂಪಾಯಿಯ ಛಾಪಾ ಕಾಗದ ಇದ್ದರೂ ಹೆಸರು ಬದಲಾಗದ ಮೇಲೆ ಉಪಯೋಗವಿಲ್ಲ. ಮಾರುವವರು ಹೆಸರು ಬದಲಾವಣೆಯ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಸಹಿ ಹಾಕಿ, ಅರ್ಜಿ ಆನ್‌ಲೈನ್‌ನಲ್ಲಿ ಏರಿದ್ದನ್ನು ಕಣ್ಣಾರೆ ನೋಡಿದ ಮೇಲೆ ಕೀ ಕೊಡಬೇಕು. ರಾಜ್ಯದೊಳಗೆ ಮಾರಿದರೆ ತಿಳಿಸಲು ಮಾರಿದವರಿಗೆ 14 ದಿನ. ಕಾರವಾರದವರು ಗೋವಾಕ್ಕೆ ಕೊಡುವುದಾದರೆ ಫಾರ್ಮ್ 28ರ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರ್ಮ್ 35 ಕೊಟ್ಟು ಮೊದಲು ತೆಗೆಸಿ.

ಗುಜರಿಯ ಸರಿಯಾದ ದಾರಿ ಎಂದರೆ ಸರ್ಕಾರದಲ್ಲಿ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರ. 2021ರ ನಿಯಮದ ಪ್ರಕಾರ ಇವು ನಡೆಯುತ್ತವೆ, ಪಟ್ಟಿ ವಾಹನ್ ಪೋರ್ಟಲಿನಲ್ಲೇ ಸಿಗುತ್ತದೆ. ನಮ್ಮಲ್ಲಿಂದ ದೂರ. ಆದ್ದರಿಂದ ಫೋನಿನಲ್ಲಿ ದರ ಕೇಳುವಾಗ, ಎತ್ತಿಕೊಂಡು ಹೋಗುವ ಲಾರಿ ಬಾಡಿಗೆ ಯಾರದ್ದು ಎಂಬುದನ್ನು ಮೊದಲು ಕೇಳಿ. ಬಾಕಿ ಇ-ಚಲನ್ ಇದ್ದರೆ ಕಟ್ಟಿಬಿಡಿ. ಮೂಲ ಆರ್‌ಸಿ, ಗುರುತಿನ ಪುರಾವೆ, ರದ್ದು ಮಾಡಿದ ಚೆಕ್ ಕೇಳುತ್ತಾರೆ. ಗಾಡಿ ಒಪ್ಪಿಸಿದಾಗ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಒಡೆದ ಮೇಲೆ ಸ್ಕ್ರ್ಯಾಪಿಂಗ್ ಪ್ರಮಾಣಪತ್ರ ಬೇರೆ ಬರುತ್ತದೆ, ಎರಡೂ ಬೇಕು. ಠೇವಣಿ ಪತ್ರ ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕ ಬಿಡುತ್ತಾರೆ. ರಸ್ತೆ ತೆರಿಗೆಯಲ್ಲಿ ಖಾಸಗಿ ವಾಹನಕ್ಕೆ ಶೇಕಡಾ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಇದು ಗರಿಷ್ಠ ಮಿತಿ, ನಿಮಗೆ ಎಷ್ಟು ಬರುತ್ತದೆ ಎಂದು ಆರ್‌ಟಿಓ ಕಚೇರಿಯಲ್ಲಿ ಕೇಳಿ. ಇದಕ್ಕಾಗಿಯೇ ಹೇಳುವುದು: ಹಳೆಯದನ್ನು ಮೊದಲು ಒಪ್ಪಿಸಿ, ಪತ್ರ ಕೈಗೆ ಬಂದ ಮೇಲೆ ಹೊಸದರ ನೋಂದಣಿ. ಕ್ರಮ ತಿರುಗಿದರೆ ರಿಯಾಯಿತಿ ಹೋಯಿತು.

ಶರಾವತಿ ದಂಡೆ (ಹೊನ್ನಾವರ)

ನಮ್ಮ ಕೆಎ 47 ಗಾಡಿಯ ಆರ್‌ಸಿ ತೀರಿಹೋದ ಅಪ್ಪಯ್ಯನ ಹೆಸರಿನಲ್ಲೇ ಇದೆ. ಅದನ್ನೂ ಹೀಗೆ ಕೊಡಬಹುದೇ?

ಕೋಡಿಬಾಗ (ಕಾರವಾರ)

ಮೊದಲು ವಾರಸುದಾರರ ಹೆಸರಿಗೆ ಮಾಡಿಸುವುದು ಕ್ಷೇಮ. ಫಾರ್ಮ್ 31, ಮರಣ ಪ್ರಮಾಣಪತ್ರ, ವಾರಸಾ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಬೇಕು. ತೀರಿಕೊಂಡ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬುದು ನಿಯಮ.

ಗ್ಯಾರೇಜ್ ಕುಮಟಾ

ಒಪ್ಪಿಸುವ ಮುಂಚೆ ಗಾಡಿಯನ್ನು ಬೋಳಿಸಬೇಡಿ. ಸೈಲೆನ್ಸರ್ ಸಾಲಿನಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಬ್ಯಾಟರಿ, ಚಕ್ರ ಇಲ್ಲದಿದ್ದರೆ ದರ ಇಳಿಸುತ್ತಾರೆ. ಕನ್ವರ್ಟರಿನೊಳಗೆ ಪ್ಲಾಟಿನಂ ಜಾತಿಯ ಲೋಹ ಇರುತ್ತದೆ. ನಿಮ್ಮದಾಗಿ ಹಾಕಿಸಿದ ಕ್ಯಾರಿಯರ್, ಟೇಪ್, ಸ್ಪೀಕರ್, ಸೀಟ್ ಕವರ್ ತೆಗೆದುಕೊಳ್ಳಿ. ಓಮ್ನಿಯ ಕ್ಯಾರಿಯರ್ ಈಕೋಗೆ ಹಾಗೇ ಕೂರುವುದಿಲ್ಲ, ಅಳತೆ ಬೇರೆ. ಆರ್‌ಸಿಯಲ್ಲಿ ನಮೂದಾಗದ ಗ್ಯಾಸ್ ಕಿಟ್ ಇದ್ದರೆ ತಿಳಿದ ಮೆಕ್ಯಾನಿಕ್‌ನಿಂದ ಖಾಲಿ ಮಾಡಿಸಿ ಬಿಚ್ಚಿಸಿ, ಹಾಗೇ ಲಾರಿ ಹತ್ತಿಸಬೇಡಿ.

ನೆನಪಿಗೆ ಏನಾದರೂ ಉಳಿಯಬೇಕೆಂದಿದ್ದರೆ ಗೇರ್ ಲಿವರಿನ ಗುಂಡು ತಿರುಗಿಸಿದರೆ ಬರುತ್ತದೆ. ಹಿಂಬದಿಯ ಹೆಸರಿನ ಬ್ಯಾಡ್ಜ್ ಅಂಟಿನದ್ದು, ಬಿಸಿನೀರಿನ ಬಟ್ಟೆ ಐದು ನಿಮಿಷ ಒತ್ತಿ ಮೀನಿನ ಗಾಳದ ನೂಲು ಹಿಂದೆ ಎಳೆದರೆ ಮುರಿಯದೆ ಬರುತ್ತದೆ. ನಂಬರ್ ಪ್ಲೇಟ್ ಮಾತ್ರ ಇಟ್ಟುಕೊಳ್ಳಬಾರದು, ಅದು ಗಾಡಿಯ ಜೊತೆಗೇ ಹೋಗಬೇಕು.

ಬೈತಖೋಲ

ಇನ್ಶೂರೆನ್ಸ್ ಮಾತು ಯಾರೂ ಎತ್ತಿಲ್ಲ. ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ಮಾಲೀಕರದ್ದು. ಐದು ವರ್ಷ ಕ್ಲೇಮ್ ಮಾಡದಿದ್ದರೆ ಶೇಕಡಾ 50ರವರೆಗೆ ಇರುತ್ತದೆ. ಹಳೆಯ ಪಾಲಿಸಿ ರದ್ದು ಮಾಡಿಸುವಾಗ ಬೋನಸ್ ಉಳಿಸಿಕೊಂಡ ಪತ್ರ ಕೇಳಿ ಪಡೆಯಿರಿ, ಮೂರು ವರ್ಷದೊಳಗೆ ಹೊಸ ಗಾಡಿಗೆ ಬಳಸಬಹುದು. ಇದು ಸ್ವಂತ ಹಾನಿಯ ಪ್ರೀಮಿಯಂಗೆ ಮಾತ್ರ, ಥರ್ಡ್ ಪಾರ್ಟಿಗೆ ಇಲ್ಲ. ಓಮ್ನಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಬೋನಸ್ ಬೆಳೆದಿರುವುದಿಲ್ಲ. ಹಾಗೆಯೇ ಹಳೆಯ ಫಾಸ್ಟ್ಯಾಗ್ ಮುಚ್ಚಿಸಿ. ಅದೇ ಸ್ಟಿಕರ್ ಕಿತ್ತು ಈಕೋಗೆ ಅಂಟಿಸಿದರೆ ಹಟ್ಟಿಕೇರಿ, ಹೊಳೆಗದ್ದೆ ಟೋಲಿನಲ್ಲಿ ನಂಬರ್ ಹೊಂದುವುದಿಲ್ಲ.

ಅರಬೈಲು (ಯಲ್ಲಾಪುರ)

ಈಕೋ ಬಗ್ಗೆ. ಮೊದಲು ನಿಮ್ಮ ಕೊಟ್ಟಿಗೆ ಅಳೆಯಿರಿ. ಓಮ್ನಿ 3370 ಮಿ.ಮೀ. ಉದ್ದ, 1410 ಅಗಲ, 1640 ಎತ್ತರ. ಈಕೋ 3675 ಉದ್ದ, 1475 ಅಗಲ, 1825 ಎತ್ತರ. ಅಗಲದ್ದು ಚಿಂತೆಯಿಲ್ಲ. ಎತ್ತರ ಏಳು ಇಂಚು ಹೆಚ್ಚು. ಓಮ್ನಿಗೆಂದು ಅಡಿಕೆ ದಬ್ಬೆ ಇಳಿಸಿ ಕಟ್ಟಿದ ಮಾಡಿನ ಅಡಿ ಇದು ಹೋಗದೆ ಒದ್ದಾಡಿದ ಮನೆಗಳು ಬಹಳ. ಚಕ್ರದಿಂದ ಚಕ್ರಕ್ಕೆ ಓಮ್ನಿ 1840, ಈಕೋ 2350. ಓಮ್ನಿ ಒಂದೇ ಸಲಕ್ಕೆ ತಿರುಗುತ್ತಿದ್ದ ಅಂಗಳದಲ್ಲಿ ಈಕೋಗೆ ಒಮ್ಮೆ ಹಿಂದೆ ಬರಬೇಕಾಗಬಹುದು. ತಿರುಗುವ ತ್ರಿಜ್ಯ 4.1 ಮೀಟರ್ ಇದ್ದದ್ದು 4.5 ಆಗುತ್ತದೆ. ದಾರಿಯಲ್ಲಿ ಮರದ ಸಂಕ ಇದ್ದರೆ ತೂಕವೂ ನೋಡಿ. ಓಮ್ನಿ 800 ಕಿಲೋದ ಆಸುಪಾಸು, ಈಕೋ ಖಾಲಿಯೇ 900 ದಾಟುತ್ತದೆ.

ಹಿಂದಿನ ಚಕ್ರ ಎಳೆಯುವುದು ಎರಡರಲ್ಲೂ ಒಂದೇ. ಕೆಂಪು ಮಣ್ಣಿನ ಏರಿನಲ್ಲಿ ಮೂಟೆ ತುಂಬಿ ಏರುವಾಗ ಭಾರ ಹಿಂದಿನ ಚಕ್ರದ ಮೇಲೆ ಕೂತು ಹಿಡಿತ ಸಿಗುತ್ತದೆ. ಮುಂದಿನ ಚಕ್ರ ಎಳೆಯುವ ಸಣ್ಣ ಕಾರು ಅದೇ ಏರಿನಲ್ಲಿ ಮುಂಭಾಗ ಹಗುರಾಗಿ ಚಕ್ರ ತಿರುಗಿಸಿಕೊಂಡು ನಿಲ್ಲುತ್ತದೆ. ಹಾಗಾಗಿ ತೋಟದ ದಾರಿಯವರಿಗೆ ಈಕೋ ಸರಿಯಾದ ಆಯ್ಕೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಖಾಲಿ ಗಾಡಿಯ ಹಿಂಭಾಗ ಹಗುರ. ದೇವಿಮನೆ ಘಟ್ಟದಲ್ಲಿ ಮಳೆಗೆ ಇಳಿಯುವಾಗ ತಿರುವಿನ ನಡುವೆ ಗೇರ್ ಇಳಿಸಿ ಕ್ಲಚ್ ಜೋರಾಗಿ ಬಿಟ್ಟರೆ ಹಿಂಭಾಗ ಜಾರುತ್ತದೆ. ತಿರುವಿನ ಮೊದಲೇ ಗೇರ್ ಇಳಿಸಿ.

ಓಮ್ನಿಗೆ ಒಗ್ಗಿದ ಕಾಲು ಮರೆಯಬೇಕಾದದ್ದೊಂದಿದೆ. ಅದರಲ್ಲಿ ಚಕ್ರ ಕಚ್ಚದಂತೆ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಹಿಡಿಯುತ್ತೇವೆ. ಈಕೋಗೆ ಚಕ್ರ ಕಚ್ಚದಂತೆ ತಾನೇ ನೋಡಿಕೊಳ್ಳುವ ಎಬಿಎಸ್ ಇದೆ. ತುರ್ತಿನಲ್ಲಿ ಪೂರ್ತಿ ಒತ್ತಿ ಹಿಡಿಯಬೇಕು, ಬಿಡಬಾರದು. ಪೆಡಲ್ ಅಡಿ ಗರಗರ ಎನ್ನುವುದು ಅದರ ಕೆಲಸ, ಕೆಟ್ಟದ್ದಲ್ಲ. ನಾಲ್ಕು ಗೇರಿನ ಅಭ್ಯಾಸಕ್ಕೆ ಐದನೆಯದೂ ಸೇರುತ್ತದೆ.

ಬನವಾಸಿ ಬಯಲು

ಸಿಎನ್‌ಜಿ ಬೇಡವೇ?

ಅರಬೈಲು (ಯಲ್ಲಾಪುರ)

ಪೆಟ್ರೋಲ್‌ನಲ್ಲಿ 104.4 ಎನ್ಎಂ ಟಾರ್ಕ್ (ಎಳೆಯುವ ಬಲ), ಸಿಎನ್‌ಜಿಯಲ್ಲಿ 95. ಮೂಟೆ ಹೇರಿ ಘಟ್ಟ ಏರುವಾಗ ಆ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಸಿಲಿಂಡರ್ ಹಿಂದಿನ ಜಾಗ ತಿನ್ನುತ್ತದೆ, ಮೂರು ವರ್ಷಕ್ಕೊಮ್ಮೆ ಅದರ ಪರೀಕ್ಷೆ ಕಡ್ಡಾಯ. ದಿನಾ ಹೆದ್ದಾರಿಯಲ್ಲಿ ಓಡುವವರಿಗೆ, ಪಂಪು ಹತ್ತಿರ ಇರುವವರಿಗೆ ಲಾಭ. ತೋಟದ ಮನೆಗೆ ಪೆಟ್ರೋಲೇ ಸಾಕು.

ಬೈತಖೋಲ

ತುಕ್ಕಿನ ಪಾಠ ಹೊಸ ಗಾಡಿಗೆ ಮೊದಲ ದಿನದಿಂದಲೇ ಆಗಬೇಕು. ಕಡಲ ಗಾಳಿಯ ಉಪ್ಪು ತಾನೇ ತೇವ ಎಳೆದುಕೊಳ್ಳುತ್ತದೆ, ಅದಕ್ಕೇ ಮಳೆಯಿಲ್ಲದ ದಿನವೂ ತಗಡು ಒಣಗುವುದಿಲ್ಲ. ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ಕೆಂಪು ಮಣ್ಣು ಸಂದಿಯಲ್ಲಿ ಕೂತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿಯಾಗೇ ಇರುತ್ತದೆ. ಎರಡೂ ಕಡೆ ತುಕ್ಕು ಶುರುವಾಗುವುದು ನೀರು ಹೊರಹೋಗುವ ತೂತು ಕಟ್ಟಿದಾಗ. ಪ್ರತಿ ಬಾಗಿಲಿನ ತಳದಂಚಿನಲ್ಲಿ ಸಣ್ಣ ಸೀಳುಗಳಿವೆ. ತಿಂಗಳಿಗೊಮ್ಮೆ ತೆಂಗಿನ ಹಿಡಿಕಡ್ಡಿ ತೂರಿಸಿ ಬಿಡಿಸಿ. ಕಬ್ಬಿಣದ ತಂತಿ ಬೇಡ, ಒಳಗಿನ ಬಣ್ಣ ಗೀರುತ್ತದೆ. ತೂತು ಬಿಟ್ಟ ಕೂಡಲೇ ಕೆಂಪು ನೀರು ಬಳಬಳ ಇಳಿಯುವುದನ್ನು ನೋಡಿದರೆ ಬಾಗಿಲು ಎಷ್ಟು ದಿನ ಅದನ್ನು ಹೊತ್ತಿತ್ತು ಎಂದು ತಿಳಿಯುತ್ತದೆ. ಸ್ಲೈಡಿಂಗ್ ಬಾಗಿಲಿನ ಹಳಿಗೆ ಗ್ರೀಸ್ ಮೆತ್ತಬೇಡಿ, ಮರಳು ಹಿಡಿದು ಅರೆಯುತ್ತದೆ. ಬ್ರಷ್ಷಿನಿಂದ ಗುಡಿಸಿ ಸಿಲಿಕಾನ್ ಸ್ಪ್ರೇ ಹೊಡೆದರೆ ಸಾಕು.

ಅಡಿಭಾಗದ ಕೋಟಿಂಗ್ ಮಾಡಿಸುವುದು ಫೆಬ್ರವರಿಯಿಂದ ಏಪ್ರಿಲ್ ಒಳಗೆ. ತೊಳೆದು ಪೂರ್ತಿ ಒಂದು ದಿನ ಒಣಗಿದ ಮೇಲೆ. ಹಸಿಯ ಮೇಲೆ ಹೊಡೆದರೆ ನೀರನ್ನು ಒಳಗೇ ಮುಚ್ಚಿದಂತಾಗುತ್ತದೆ, ಹೊರಗೆ ಕಪ್ಪಗೆ ಹೊಳೆಯುತ್ತಿರುವಾಗ ಒಳಗೆ ತಗಡು ಕೊಳೆಯುತ್ತದೆ. ಸೈಲೆನ್ಸರ್, ಬ್ರೇಕ್ ಡ್ರಮ್, ಪ್ರೊಪೆಲ್ಲರ್ ಶಾಫ್ಟ್, ರಬ್ಬರ್ ಬುಷ್, ನೀರಿನ ತೂತು, ಇವಕ್ಕೆ ತಾಗದಂತೆ ಮುಚ್ಚಿ ಹೊಡೆಯಬೇಕು. ಸುಟ್ಟ ಇಂಜಿನ್ ಆಯಿಲ್ ಹೊಡೆಸುವ ಪದ್ಧತಿ ಇನ್ನೂ ಇದೆ. ಅದು ಬುಷ್ ಉಬ್ಬಿಸುತ್ತದೆ, ಬ್ರೇಕ್ ಲೈನರ್‌ಗೆ ತಾಗಿದರೆ ಅಪಾಯ. ಮೀನು ಹೇರುವವರು ಐಸ್ ನೀರು ಸೋರದ ಡಬ್ಬಿಯಲ್ಲೇ ಹೇರಿ. ಆ ನೀರು ನೆಲಕ್ಕೆ ಬಿದ್ದರೆ ಅದೇ ದಿನ ಸಿಹಿನೀರು ಹಾಕಿ ತೊಳೆಯಬೇಕು, ಮರುದಿನಕ್ಕೆ ಇಟ್ಟರೆ ತಡವಾಯಿತು.

ಗ್ಯಾರೇಜ್ ಕುಮಟಾ

ಬೈತಖೋಲದವರು ಹೇಳಿದ್ದು ನೂರಕ್ಕೆ ನೂರು ಸರಿ. ಹೊಸದನ್ನು ಪಡೆಯುವಾಗ ಹಗಲು ಬೆಳಕಿನಲ್ಲೇ ನೋಡಿ. ಡೀಲರ್ ಕೊಡುವ ಮಾರಾಟ ಪತ್ರ ಫಾರ್ಮ್ 21ರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ, 3525 ಎಂದಿದ್ದರೆ 2025ರ 35ನೇ ವಾರ. ಸ್ಟೆಪ್ನಿ ಟೈರಿನದ್ದೂ ಓದಿ. ಮೊದಲ 1,000 ಕಿ.ಮೀ. ಒಂದೇ ವೇಗದಲ್ಲಿ ತುಂಬ ಹೊತ್ತು ಓಡಿಸಬೇಡಿ, ಪೂರ್ತಿ ಲೋಡಿನಲ್ಲಿ ಘಟ್ಟ ಏರಿಸಬೇಡಿ. ಕೊಯ್ಲಿನ ನಡುವೆ ಗಾಡಿ ತರುವವರು ಇದನ್ನು ಮರೆಯುತ್ತಾರೆ.

ಶರಾವತಿ ದಂಡೆ (ಹೊನ್ನಾವರ)

ಇಡಗುಂಜಿಗೋ ಮಾರಿಕಾಂಬೆಗೋ ಪೂಜೆಗೆ ಒಯ್ಯುವವರಿಗೆ ಎರಡು ಮಾತು. ಕುಂಕುಮ ಒದ್ದೆಯಾದರೆ ಬಿಳಿ ಬಣ್ಣದಲ್ಲಿ ಕಲೆ ಇಳಿಯುತ್ತದೆ, ಅರಿಶಿನ ಕುಂಕುಮವನ್ನು ಗಾಜಿನ ಮೇಲೆ ಇಡಿಸಿ, ಅದೇ ಸಂಜೆ ಒರೆಸಿ. ಹೂಮಾಲೆಯನ್ನು ವೈಪರಿಗೆ ಕಟ್ಟಿ ಊರವರೆಗೆ ಬರಬೇಡಿ, ದಾರಿ ಕಾಣುವುದಿಲ್ಲ, ವೈಪರ್ ತೋಳೂ ಬಾಗುತ್ತದೆ. ಹಳೆಯ ಗಾಡಿಗೂ ಹೊರಡುವ ಮುನ್ನ ಒಂದು ಆರತಿ ಮಾಡಿ. ಅಷ್ಟು ವರ್ಷ ಮನೆಯವರನ್ನು ಸುರಕ್ಷಿತವಾಗಿ ಹೊತ್ತದ್ದಕ್ಕೆ ಅದು ಸಲ್ಲಬೇಕು.

ಸೋಂದಾ ದಾರಿ (ಶಿರಸಿ)

ಅಳೆದೆವು. ಕೊಟ್ಟಿಗೆಯ ಅಡ್ಡತೊಲೆ ನೆಲದಿಂದ 6 ಅಡಿ 1 ಇಂಚು, ಅಂದರೆ 1854 ಮಿ.ಮೀ. ಈಕೋಗೆ ಮೇಲೆ ಉಳಿಯುವುದು ಒಂದು ಇಂಚು ಚಿಲ್ಲರೆ. ನೆಲ ಅಗೆದು ಇಳಿಸುವುದೋ, ಮಾಡು ಎತ್ತುವುದೋ?

ಅರಬೈಲು (ಯಲ್ಲಾಪುರ)

ಮಾಡು ಎತ್ತಿ. ನೆಲ ಅಂಗಳಕ್ಕಿಂತ ತಗ್ಗಾದರೆ ಮಳೆನೀರೆಲ್ಲ ಗಾಡಿಯ ಅಡಿಗೇ ಬರುತ್ತದೆ, ತುಕ್ಕಿಗೆ ನೀವೇ ಜಾಗ ಮಾಡಿಕೊಟ್ಟಂತೆ. ಕಂಬದ ಬುಡಕ್ಕೆ ಒಂದು ವರಸೆ ಚಿರೆಕಲ್ಲು ಸಿಮೆಂಟಿನಲ್ಲಿ ಕೂರಿಸಿ. ಒಂದೊಂದೇ ಕಂಬ ಎತ್ತಬೇಕು, ಅಷ್ಟು ಹೊತ್ತು ತೊಲೆಗೆ ಊರೆಗೋಲು ಇರಲಿ. ನೆಲಕ್ಕೆ ಬಾಗಿಲ ಕಡೆ ಎರಡು ಇಂಚು ಇಳಿಜಾರು ಕೊಡಿ. ಕ್ಯಾರಿಯರ್ ಹಾಕುವ ಯೋಚನೆ ಇದ್ದರೆ ಅದರ ಎತ್ತರವನ್ನೂ ಈಗಲೇ ಕೂಡಿಸಿಕೊಳ್ಳಿ.

ಸೋಂದಾ ದಾರಿ (ಶಿರಸಿ)

ಹಾಗೇ ಮಾಡುತ್ತೇವೆ, ಚಿರೆಕಲ್ಲು ಹೇಳಿಯಾಯಿತು. ಸ್ಕ್ರ್ಯಾಪಿಂಗ್ ಕೇಂದ್ರದ ಲಾರಿ ಬುಧವಾರ ಬರುತ್ತದೆ, ಬಾಡಿಗೆ ಅವರದ್ದೇ. ಕೋಡಿಬಾಗದವರು ಹೇಳಿದಂತೆ ಸೀಮೆಎಣ್ಣೆ ಬಟ್ಟೆ ಹಾಕಿಟ್ಟು ಚಾಸಿ ನಂಬರ್ ತೊಳೆದೆವು, ಹದಿನೇಳೂ ಅಕ್ಷರ ಚೆನ್ನಾಗಿ ಮೂಡಿವೆ. ಪೆನ್ಸಿಲ್ ಅಚ್ಚು ಎರಡು ತೆಗೆದಿದ್ದೇವೆ. ಒಂದು ಕಡತಕ್ಕೆ, ಇನ್ನೊಂದು ಮನೆಗೆ.